ಮೆತ್ತನೆಯ ಲೋಹ

ಹಾರ್ಲನ್ ಆರು ಚಳಿಗಾಲ ಬೆವರು ಸುರಿಸಿ ಕಂಡುಹಿಡಿದದ್ದನ್ನು ಐನೋ ಲೆಹ್ಟೋಲಾ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡ. ಅದರ ಬಲದ ಮೇಲೆಯೇ ಇಬ್ಬರೂ ಕಲಿಸುತ್ತಿದ್ದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥನಾದ. ಸುಪೀರಿಯರ್ ಸರೋವರದ ದಂಡೆಯ ಆ ಸಣ್ಣ ಊರಿನಲ್ಲಿ ದಿನಾ ಅವನ ಮುಖ ನೋಡದೆ ಗತಿಯಿಲ್ಲ. ಹಾರ್ಲನ್ ನಗುನಗುತ್ತಲೇ ಇದ್ದ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು.

ಐನೋ ಫಿನ್‌ಲೆಂಡ್ ಮೂಲದವನು. ತಿಂಗಳಿಗೊಂದು ಭಾನುವಾರ ವಿಭಾಗದವರಿಗೆಲ್ಲ ಅವನ ಮನೆಯಲ್ಲಿ ಮಧ್ಯಾಹ್ನದೂಟ. ಎಲ್ಲರೂ ಹೋದ ಮೇಲೆ ಹಿತ್ತಿಲ ಸೌನಾದಲ್ಲಿ ಅವನೊಬ್ಬನ ಹಬೆಸ್ನಾನ. ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ಒಣ ಕಟ್ಟು ಅಲ್ಲಿ ಮರದ ಬಕೆಟ್ಟಿನೊಳಗೇ ಇರುತ್ತದೆ. ಅದರ ಮೇಲೆ ಬಿಸಿನೀರು ಹೊಯ್ದು, ಮುಖ ತಗ್ಗಿಸಿ ಘಮ ಎಳೆದುಕೊಳ್ಳುವುದು ಐನೋನ ಸುಖ. ಆ ಸೊಪ್ಪಿನೊಳಗೆ, ನೀರು ತಾಗಿದೊಡನೆ ಸಿಡಿಯುವ ಸೋಡಿಯಂ ಗಡ್ಡೆಯೊಂದಿದ್ದರೆ ಕೆಲಸ ಮುಗಿಯಿತು. ಸೌನಾದ ಒಲೆ ಸಿಡಿಯಿತು ಅನ್ನುತ್ತಾರೆ ಜನ. ಉಳಿಯುವುದು ಬರೀ ಕ್ಷಾರ. ಸೌನಾದ ನೆಲ ತೊಳೆಯುವುದೂ ಕ್ಷಾರದ ಸೋಪಿನಿಂದಲೇ. ತನ್ನನ್ನು ತಾನೇ ತಿಂದು ಮುಗಿಸುವ ಆಯುಧ ಇನ್ನೆಲ್ಲಿ ಸಿಕ್ಕೀತು?

ಪ್ರಯೋಗಾಲಯದಲ್ಲಿ ಆ ಲೋಹ ಚಾಕುವಿಗೆ ಗಿಣ್ಣಿನ ಹಾಗೆ ಸಲೀಸಾಗಿ ತುಂಡಾಯಿತು. ಕೊಯ್ದ ಮುಖ ಬೆಳ್ಳಿಯಂತೆ ಹೊಳೆದು, ನೋಡನೋಡುತ್ತಲೇ ಮಂಕಾಯಿತು. ಡಬ್ಬಿಯಲ್ಲಿ ಹಾಕಿದರೆ ಡಬ್ಬಿ ಸಾಕ್ಷಿಯಾಗಿ ಉಳಿಯುತ್ತದೆ. ಹಾರ್ಲನ್ ಅದನ್ನು ತೇವ ತಾಗದಂತೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಕೋಟಿನ ಜೇಬಿಗಿಟ್ಟ. ಊಟದ ನಡುವೆ ಸಿಗರೇಟಿನ ನೆಪದಲ್ಲಿ ಕೋಟು ತೊಟ್ಟು ಹಿತ್ತಿಲಿಗೆ ಹೋದರೆ ಯಾರು ಕೇಳುತ್ತಾರೆ?

ಭಾನುವಾರ ಹೆಂಡತಿ, ಮೂರು ವರ್ಷದ ಮಗಳು ಎಲ್ಸಿಯ ಜೊತೆ ಅವನೇ ಮೊದಲು ತಲುಪಿದ. ಹೊಸ್ತಿಲಲ್ಲಿ ಹಿಮ ಕೊಡವಿಕೊಂಡ. ಐನೋನ ಹೆಂಡತಿ ಐಲಾ ಕೋಟಿಗೆ ಕೈ ಚಾಚಿದಾಗ ಅವನು ಹಿಂಜರಿದ.

"ಏನಯ್ಯಾ, ಕೋಟು ಹಾಕ್ಕೊಂಡೇ ಉಣ್ತೀಯಾ?" ಐನೋ ರೇಗಿಸಿದ. "ನಮ್ಮನೇಲಿ ಕಳ್ಳರಿಲ್ಲ ಕಣೋ!"

ಕಳ್ಳನೇ ಹೇಳಬೇಕು ಈ ಮಾತು! ಹಾರ್ಲನ್ ನಕ್ಕು ಕೋಟು ಬಿಚ್ಚಿಕೊಟ್ಟ. ಎಲ್ಲರ ಕೋಟೂ ಮಹಡಿಯ ಮಂಚದ ಮೇಲೆ ಬೀಳುವುದು ಅಲ್ಲಿನ ರೂಢಿ. ಬೇಕಾದಾಗ ಹೋಗಿ ತಂದರಾಯಿತು.

ಅತಿಥಿಗಳು ಬರುತ್ತಲೇ ಇದ್ದರು. ಬಟಾಣಿ ಸೂಪು ಬಂತು. ಊಟದ ಮೇಜಿನಲ್ಲೇ ತೂಕಡಿಸಿದ ಎಲ್ಸಿಯನ್ನು ಐಲಾ ಎತ್ತಿಕೊಂಡಳು. "ಬಂಗಾರೀನ ಬೆಚ್ಚಗೆ ಮಲಗಿಸಿ ಬರ್ತೀನಿ." ಹಾರ್ಲನ್ ತಲೆಯಾಡಿಸಿದ. ಸಿಗರೇಟಿನ ನೆಪದಲ್ಲಿ ಏಳುವ ಹೊತ್ತನ್ನೇ ಅವನು ಕಾಯುತ್ತಿದ್ದ.

"ಅಯ್ಯೋ, ಹೊಗೆ!" ಸ್ವಲ್ಪ ಹೊತ್ತಿನ ಮೇಲೆ ಮಗುವನ್ನು ನೋಡಲು ಹೋದ ಐಲಾ ಮಹಡಿಯ ಕೋಣೆಯ ಬಾಗಿಲಿನಿಂದಲೇ ಕೂಗಿದಳು. "ಕೋಟಿನ ರಾಶಿಯಿಂದ ಹೊಗೆ ಬರ್ತಿದೆ! ಮಗು ಅದರ ಮೇಲೇ ಮಲಗಿದೆ!" ಆ ಊರಿನವರಿಗೆ ಹಿಮವೆಂದರೆ ಕೊಡವಿದರೆ ಉದುರುವ ಪುಡಿ, ಮೈ ತೋಯಿಸುವ ನೀರಲ್ಲ. ಹಾರ್ಲನ್‌ಗೂ ಅಷ್ಟೇ. ಅವನ ಕೋಟಿನ ಮೇಲೆ ಬಿದ್ದ ಹತ್ತಾರು ಕೋಟುಗಳ ಹಿಮ ಆ ಬೆಚ್ಚನೆಯ ಕೋಣೆಯಲ್ಲಿ ಕರಗಿ, ಹನಿಹನಿಯಾಗಿ ಅವನ ಜೇಬಿಗಿಳಿದಿತ್ತು. ಐನೋ ಎರಡೆರಡು ಮೆಟ್ಟಿಲು ಹಾರಿ ಓಡಿದ. ಅವನ ಹಿಂದೆಯೇ ಯಾರೋ ನೀರಿನ ಬಕೆಟ್ ಹಿಡಿದು ಓಡಿದರು. "ನೀರು ಹಾಕ್ಬೇಡಿ!" ಹಾರ್ಲನ್‌ನ ಗಂಟಲು ಹರಿಯಿತು. "ಸೋಡಿಯಂ ಇದೆ! ನನ್ನ ಜೇಬಲ್ಲಿ!" ಬಕೆಟ್ಟು ಅಲ್ಲೇ ನಿಂತಿತು. ಅಲ್ಲಿದ್ದವರೆಲ್ಲ ರಸಾಯನಶಾಸ್ತ್ರದವರೇ, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಐನೋ ಎಲ್ಸಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದ. ಮಗುವಿನ ಒಂದು ಕೂದಲೂ ಕೊಂಕಿರಲಿಲ್ಲ. ಅವನು ಅವಳನ್ನು ತಾಯಿಯ ಕೈಗಿತ್ತು ಹಾರ್ಲನ್ ಕಡೆ ತಿರುಗಿದ. "ಊಟಕ್ಕೆ ಬರೋವಾಗ ಸೋಡಿಯಂ ಯಾಕೋ ತಂದಿದ್ದು?"