ಮೂರನೇ ಪ್ರಕಟಣೆ

"ನಮ್ಮವ್ವನ ಸಮಾಧಿಗೆ ಸುಣ್ಣ ಹೊಡಿಯಾಕೆ ನಿಂಗ್ಯಾರು ಹೇಳಿದ್ರು?"

ಲೂರ್ದುಮೇರಿ ಕುಂಚ ಹಿಡಿದೇ ತಿರುಗಿದಳು. ಕೆನ್ನೆಯ ಮೇಲೆ ಒಂದು ಹನಿ ಸುಣ್ಣ, ಮೂಗಿನ ತುದಿಯಲ್ಲಿ ಇನ್ನೊಂದು.

"ಯಾರೂ ಹೇಳ್ನಿಲ್ಲ. ನಮ್ಮನೆಯೋರ ಸಮಾಧಿಗೆ ಕಲಸಿದ್ದು ಒಸಿ ಮಿಕ್ತು. ಪಕ್ಕದೋರಲ್ವಾ ಅಂತ ಕೊಟ್ಟೆ. ಬ್ಯಾಡ ಅಂದ್ರೆ ಹೇಳಿ, ಕೆರ್ಕೊಂಡು ವಾಪಸ್ ತಕೊತೀನಿ."

ಇನ್ನಾಸಪ್ಪ ಜಗಳಕ್ಕೆಂದೇ ಬಾಯಿ ತೆರೆದಿದ್ದ. ಮಾರನೆಯ ದಿನ ಸತ್ತವರ ಹಬ್ಬ. ಕನಕಪುರದಾಚೆಯ ಆ ಕ್ರೈಸ್ತರ ಹಳ್ಳಿಯಲ್ಲಿ ಅವತ್ತು ಸಮಾಧಿ ಬೆಳ್ಳಗಿರದಿದ್ದರೆ ಮನೆಯವರು ತಲೆಯೆತ್ತಿ ತಿರುಗುವಂತಿಲ್ಲ. ಗೂಡ್ಸ್ ಆಟೋ ಓಡಿಸುವ ಇವನು ಬಾಡಿಗೆಯ ಮೇಲೆ ಬಾಡಿಗೆ ಹಿಡಿದು ಸಂಜೆಗೆ ಓಡಿ ಬಂದರೆ, ಅವ್ವ ಆಗಲೇ ಬೆಳ್ಳಗೆ ಕೂತಿದ್ದಳು. ಕೋಪ ಬಂದದ್ದು ತಡಮಾಡಿದ ತನ್ನ ಮೇಲೆಯೇ. ಅದನ್ನು ಒಪ್ಪಿಕೊಳ್ಳುವ ಗಂಡಸು ಇನ್ನೂ ಹುಟ್ಟಬೇಕು.

"ಮೂಗಿಗೂ ಹೊಡ್ಕೊಂಡಿದ್ದೀಯಲ್ಲ, ಅದೂ ಮಿಕ್ಕಿದ್ದೇನಾ?"

ಅವಳು ಸೆರಗಿನಿಂದ ಮೂಗು ಒರೆಸಿದಳು. ಸುಣ್ಣ ತುಟಿಯವರೆಗೂ ಹರಡಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವಳ ಗಂಡ ರಾಯಪ್ಪ ಇನ್ನಾಸಪ್ಪನ ಓರಗೆಯವನೇ, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಒಂದು ಮಳೆಗಾಲ ಸಂಗಮದ ಹತ್ತಿರ ಹೊಳೆಗೆ ಬಿದ್ದು ಕೊಚ್ಚಿಹೋದ. ವಾರ ಕಳೆದ ಮೇಲೆ ದೂರದಲ್ಲೊಂದು ಹೆಣ ಸಿಕ್ಕಿತು. ಮೀನು ತಿಂದ ಮುಖ, ಗುರುತು ಹತ್ತುವಂತಿರಲಿಲ್ಲ. ಕೊರಳಲ್ಲಿ ಮಾತ್ರ ಉತ್ತರೀಯವಿತ್ತು, ಮರಿಯ ಮಾತೆಯ ಹೆಸರಲ್ಲಿ ದಾರಕ್ಕೆ ಹೊಲಿದು ಕಟ್ಟಿಕೊಳ್ಳುವ ಕಂದು ಬಟ್ಟೆಯ ಎರಡು ತುಂಡು. ರಾಯಪ್ಪನೂ ಅಂಥದ್ದೇ ಕಟ್ಟುತ್ತಿದ್ದ. ಅದನ್ನು ಕಂಡು ಲೂರ್ದು "ನಮ್ಮೋರೇ" ಅಂದಳು. ಚರ್ಚಿನ ಸ್ವಾಮಿಗಳು ಮಂತ್ರ ಹೇಳಿ ಮಣ್ಣು ಮಾಡಿದರು. ಅತ್ತೆ ಜ್ಞಾನಮ್ಮ ಅಂದು ಹಿಡಿದ ಹಾಸಿಗೆ ಬಿಡಲೇ ಇಲ್ಲ. ಪೊರೆ ಬಂದ ಅವಳ ಕಣ್ಣು ಈಗ ಬೆಳಕು ಕತ್ತಲೆಯನ್ನಷ್ಟೇ ಬಲ್ಲದು. ಆರು ವರ್ಷದಿಂದ ಸೊಸೆಯೇ ಅವಳಿಗೆ ಕೈ, ಕಾಲು, ಕಣ್ಣು.

ಲೂರ್ದು ಕೆಲಸ ಮಾಡುತ್ತಿದ್ದದ್ದು ಕನಕಪುರದ ಗೌಸ್ ಸಾಹೇಬರ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ. ಕುದಿಯುವ ನೀರಲ್ಲಿ ಗೂಡು ಬೇಯಿಸಿ ಎಳೆ ಹುಡುಕಿ ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ರಾಮನಗರದ ಮಾರ್ಕೆಟ್ಟಿನಿಂದ ಆ ಶೆಡ್ಡಿಗೆ ಗೂಡು ತರುವ ಬಾಡಿಗೆ ಇನ್ನಾಸಪ್ಪನಿಗೆ ಹಿಂದೆಯೂ ಸಿಗುತ್ತಿತ್ತು. ಈಗ ಅವನೇ ಕೇಳಿ ಕೇಳಿ ಹಿಡಿಯತೊಡಗಿದ. ಒಂದು ದಿನ ಮೂಟೆಯ ಜೊತೆ ಕೊಬ್ಬರಿ ಎಣ್ಣೆಯ ಬಾಟಲಿಯೂ ಇಳಿಯಿತು.

"ಯಾರ್ಗೆ ಇದು?"

"ಇಂಜಿನ್‌ಗೆ."

"ಇಂಜಿನ್‌ಗೆ ಕೊಬ್ರಿ ಎಣ್ಣೆನಾ?"

"ಕೈ ಉರೀತದೆ ಅಂತ ಇಂಜಿನ್ನು ಹೇಳ್ತಿತ್ತು."

ಅವಳು ಬಾಟಲಿಯನ್ನೂ ನೋಡಿದಳು, ಅವನನ್ನೂ ನೋಡಿದಳು. ಅವನ ಮೇಲಿದ್ದ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅಲ್ಲಿಯತನಕ "ಇನ್ನಾಸಣ್ಣ" ಅನ್ನುತ್ತಿದ್ದವಳು ಅಂದಿನಿಂದ ಆ "ಅಣ್ಣ"ನನ್ನು ಎಲ್ಲೋ ಬೀಳಿಸಿಬಿಟ್ಟಳು. ಅವನೂ ಹುಡುಕಿ ಕೊಡಲು ಹೋಗಲಿಲ್ಲ.

ಮದುವೆಯ ಮಾತು ಅವನೇ ಎತ್ತಿದ. ಅವಳು ನೆಲ ನೋಡುತ್ತಾ, "ಅತ್ತೆನೂ ಬತ್ತಾಳೆ" ಅಂದಳು.

"ಬರ್ಲಿ. ಒಂದೇ ಬಾಡಿಗೇಲಿ ಎರಡು ಲೋಡು."

"ಲೋಡಂತೆ ಲೋಡು!" ಅಂದು ಮುಖ ತಿರುಗಿಸಿದಳು. ಕಿವಿಯವರೆಗೂ ಕೆಂಪಾಗಿತ್ತು. ಆ ಕೆಂಪನ್ನು ಇನ್ನಾಸಪ್ಪ ಊರಿನವರೆಗೂ ನೆನೆಯುತ್ತ ಗಾಡಿ ಓಡಿಸಿದ.

ಉಪವಾಸದ ತಪಸ್ಸುಕಾಲ ಮುಗಿದು ಈಸ್ಟರ್ ಆದ ಮೇಲೆ ಮದುವೆ ಎಂದಾಯಿತು. ಆ ಚರ್ಚಿನ ಪದ್ಧತಿ, ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಇಬ್ಬರ ಹೆಸರು ಓದಿ ಪ್ರಕಟಣೆ ಮಾಡಬೇಕು. ಮೊದಲ ಭಾನುವಾರ ಸ್ವಾಮಿಗಳು ಕನ್ನಡಕ ಸರಿಮಾಡಿಕೊಂಡು ಓದಿದರು: "ಇವರ ವಿವಾಹಕ್ಕೆ ಅಡ್ಡಿಯೇನಾದರೂ ಇರುವುದು ಯಾರಿಗಾದರೂ ತಿಳಿದಿದ್ದರೆ ಧರ್ಮಕೇಂದ್ರದ ಗುರುಗಳಿಗೆ ತಿಳಿಸತಕ್ಕದ್ದು." ಹಿಂದಿನ ಬೆಂಚಿನ ಸಿದ್ದಪ್ಪ ಕೆಮ್ಮಿ ನಗಿಸಿದ. ಅಡ್ಡಿ ಯಾರಿಗೂ ತಿಳಿದಿರಲಿಲ್ಲ.

ಅದೇ ವಾರ ಇನ್ನಾಸಪ್ಪನಿಗೆ ಕುದೂರಿಗೊಂದು ಬಾಡಿಗೆ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಇಳಿಸಿ ಹಿಂದಿರುಗುವಾಗ ಟೈರು ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯಲ್ಲಿ ಜಾಕ್ ಹಿಡಿದು ಎದ್ದು ಬಂದವನು ರಾಯಪ್ಪ.

ಒಳಗಿನಿಂದ ಹೆಂಗಸೊಬ್ಬಳು "ರೀ, ಕಾಫಿ" ಎಂದು ಕೂಗಿದಳು. ಪುಟ್ಟ ಹುಡುಗಿಯೊಂದು "ಅಪ್ಪಾ" ಎನ್ನುತ್ತ ಬಂದು ಅವನ ಕಾಲು ತಬ್ಬಿಕೊಂಡಿತು.

"ಕುಂತ್ಕೊಳ್ಲಾ ಇನ್ನಾಸಿ," ಎಂದ ರಾಯಪ್ಪ ಕೊನೆಗೆ. "ನೀರು ಎಲ್ಲೋ ತಂದು ಎಸೀತು. ಬದುಕಿದ್ದೆ. ಮನೆ ಕಡೆ ಮಾತ್ರ ಕಾಲೇ ಬರ್ನಿಲ್ಲ ಕಣ್ಲಾ. ನನ್ನ ಮಣ್ಣು ಮಾಡುದ್ರು ಅಂತ ಆಮೇಲೆ ಗೊತ್ತಾಯ್ತು. ಒಳ್ಳೇದೇ ಆಯ್ತು ಅಂದ್ಕೊಂಡೆ."

ಇನ್ನಾಸಪ್ಪ ಲೂರ್ದುವಿನ ವಿಷಯ ಹೇಳಿದ. ರಾಯಪ್ಪನ ಮುಖ ಹಗುರಾಯಿತು.

"ಆಗು ಮತ್ತೆ. ನಾನು ಸತ್ತಂಗೇ ಇರ್ತೀನಿ. ನಿಂಗೆ ಅವ್ಳು, ಅವ್ಳಿಗೆ ನೀನು, ನಂಗೆ ಇವ್ರು. ಯಾರ್ಗೆ ನಷ್ಟ ಹೇಳು?"

"ನಿಮ್ಮವ್ವ ಇನ್ನೂ ಅವ್ಳೆ ಕಣ್ಲಾ."

"ಇನ್ನೂ ಅವ್ಳಾ?" ಎಂದ ರಾಯಪ್ಪ, ನಿಂತುಹೋದ ಯಾವುದೋ ಬಸ್ಸಿನ ವಿಚಾರ ಕೇಳುವವನಂತೆ. ಆಮೇಲೆ ಟೈರು ಬಿಚ್ಚತೊಡಗಿದ. ಬೇರೇನೂ ಕೇಳಲಿಲ್ಲ.

ಯಾರಿಗೆ ನಷ್ಟ? ಮಾಗಡಿ ದಾಟುವತನಕ ಇನ್ನಾಸಪ್ಪ ಲೆಕ್ಕ ಹಾಕುತ್ತಲೇ ಬಂದ. ಲೆಕ್ಕ ಎಲ್ಲ ಕಡೆಯಿಂದಲೂ ಸರಿಯಿತ್ತು. ಮದುವೆಗಿದ್ದ ಅಡ್ಡಿ ಊರಲ್ಲಿ ತಿಳಿದವನು ಅವನೊಬ್ಬನೇ. ತನ್ನ ಮದುವೆಗೆ ತಾನೇ ಅಡ್ಡಿ ಹೇಳುವ ಹುಚ್ಚ ಎಲ್ಲಾದರೂ ಇದ್ದಾನೆಯೇ? ನಲವತ್ತು ಹತ್ತಿರವಾಗುತ್ತಿತ್ತು. ಅವ್ವ ಹೋದ ಮೇಲೆ ಮನೆಯಲ್ಲಿ ದೀಪ ಹಚ್ಚುವವರಿರಲಿಲ್ಲ. ಅವಳು ಬೇಕಿತ್ತು, ಬಹಳ ಬೇಕಿತ್ತು.

ಎರಡನೇ ಭಾನುವಾರ ಸ್ವಾಮಿಗಳು ಮತ್ತೆ ಹೆಸರು ಓದಿದರು. ಅವನು ಬೆಂಚಿನ ಅಂಚು ಹಿಡಿದು ಸುಮ್ಮನೆ ಕೂತ. ಆದರೆ ಮನಸ್ಸಲ್ಲಿ ಪಾಪ ಇಟ್ಟುಕೊಂಡವರು ಮುಟ್ಟಬಾರದ ಸತ್ಪ್ರಸಾದ ಸ್ವೀಕರಿಸಲು ಎಲ್ಲರೂ ಎದ್ದಾಗ ಅವನು ಏಳಲಿಲ್ಲ.

ಅದನ್ನು ಹೆಂಗಸರ ಸಾಲಿನಿಂದ ಲೂರ್ದು ಗಮನಿಸಿದಳು. ಗುರುವಾರ ಸಂಜೆ ಅವನು ಅವಳ ಮನೆಗೆ ಬಂದಾಗ ಜಗಲಿಯ ಮೇಲೆ ಹೂ ಕಟ್ಟುತ್ತಲೇ ಕೇಳಿದಳು: "ಸತ್ಪ್ರಸಾದನೂ ತಗಳ್ದೇ ಇರೋವಷ್ಟು ಪಾಪ ಏನ್ಮಾಡಿದ್ರಿ, ಮದ್ವೆಗೆ ಮುಂಚೇನೇ?" ರೆಪ್ಪೆಯ ಅಡಿಯಿಂದ ತುಂಟ ನೋಟ. ಅವನು ಮುಖ ತಿರುಗಿಸಿದ್ದನ್ನು ನಾಚಿಕೆ ಎಂದುಕೊಂಡಳು.

"ನಮ್ಮ ಶೆಡ್ಡಿನ ವಜೀರಮ್ಮ ಮದ್ವೆಗೆ ರವಿಕೆ ಹೊಲಿದು ಕೊಟ್ಟವ್ರೆ. ತೋರ್ಸಲ್ಲ, ಅವತ್ತೇ ನೋಡಿ." ಹೂವಿನ ಎಳೆಯನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಕೇಳ್ಲಾ? ಮದ್ವೆ ಆದ್ಮೇಲೂ ವರ್ಸಕ್ಕೊಂದು ದಿನ ಅವರ ಸಮಾಧಿಗೆ ಸುಣ್ಣ ಹೊಡಿತೀನಿ. ಬ್ಯಾಡ ಅನ್ಬಾರ್ದು. ಅವ್ರಿಗೆ ಬೇರೆ ಯಾರವ್ರೆ?" ಅಂದಳು.

ಇನ್ನಾಸಪ್ಪನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. "ಅಲ್ಲಿರೋನು ರಾಯಪ್ಪ ಅಲ್ಲ ಲೂರ್ದು," ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟ. ಕುದೂರು, ಪಂಕ್ಚರ್ ಅಂಗಡಿ, ಕಾಲು ತಬ್ಬಿದ ಹುಡುಗಿ.

ಅವಳ ಮಡಿಲಿನ ಹೂ ನೆಲಕ್ಕೆ ಬಿತ್ತು. ಅಳಲಿಲ್ಲ.

"ಎಷ್ಟು ಜನ ಗಂಡಸ್ರು ಉತ್ತರೀಯ ಕಟ್ತಾರೆ," ಎಂದಳು ತನಗೇ ಹೇಳಿಕೊಂಡಂತೆ. "ನಾನು ಅದೊಂದೇ ನೋಡ್ದೆ. ಹಂಗಾರೆ ಅಲ್ಲಿ ಮಲಗಿರೋದು ಯಾರು? ಅವ್ನ ಹೆಂಡ್ತಿ ಎಲ್ಲಿ ಬಾಗ್ಲು ಕಾಯ್ತಾ ಅವ್ಳೋ."

ಆಮೇಲೆ ಒಮ್ಮೆಲೇ ಅವನ ಮೇಲೆ ತಿರುಗಿದಳು. "ಯಾಕೆ ಹೇಳಿದ್ರಿ? ಇನ್ನೊಂದು ಭಾನ್ವಾರ ಬಾಯ್ಮುಚ್ಕೊಂಡಿದ್ರೆ ಆಗ್ತಿತ್ತಲ್ಲ! ನಂಗೆ ಈ ನಿಜ ಯಾತಕ್ಕೆ?"

"ಆಮ್ಯಾಲೆ ದಿನಾ ನಿನ್ನ ಮುಖ ನೋಡ್ಬೇಕಿತ್ತಲ್ಲ."

"ಎಲ್ಲಾದ್ರೂ ಹೊಂಟೋಗನ. ಮೈಸೂರು, ಮಂಗ್ಳೂರು. ಯಾರ್ಗೆ ಗೊತ್ತಾಯ್ತದೆ?" ಕಣ್ಣಲ್ಲಿ ಬೆಂಕಿ ಇತ್ತು. ಅವನು ಒಂದು ಹೂಂ ಅಂದಿದ್ದರೆ ಎದ್ದು ಬರುತ್ತಿದ್ದಳು, ಅವನಿಗೂ ಅದು ಗೊತ್ತಿತ್ತು. ಹೂಂ ಅನ್ನಲು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ತೆಳುಗೋಡೆಯ ಮನೆ, ಮುದುಕಿಯ ಕಣ್ಣು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ.

"ಲೇ ಇನ್ನಾಸಿ. ಒಳೀಕ್ ಬಾ ಮಗ."

ಜ್ಞಾನಮ್ಮ ಚಾಪೆಯ ಮೇಲೆ ಎದ್ದು ಕೂತಿದ್ದಳು. ಆರು ವರ್ಷದಲ್ಲಿ ಯಾರ ಆಸರೆಯೂ ಇಲ್ಲದೆ ಎದ್ದು ಕೂತದ್ದು ಅದೇ ಮೊದಲು. ಗಾಳಿಯಲ್ಲಿ ತಡವರಿಸಿ ಅವನ ಕೈ ಹಿಡಿದುಕೊಂಡಳು.

"ಬದ್ಕವ್ನಾ?"

"ಅವ್ನೆ ದೊಡ್ಡವ್ವ. ಚೆನ್ನಾಗವ್ನೆ."

"ನನ್ನ ಕೇಳಿದ್ನಾ?"

ಲೂರ್ದು ಬಾಗಿಲಲ್ಲಿ ನಿಂತಿದ್ದಳು. ಇನ್ನಾಸಪ್ಪ ಅವಳತ್ತ ನೋಡಿದ, ಮತ್ತೆ ಮುದುಕಿಯ ಕಡೆ ತಿರುಗಿದ.

"ಕೇಳ್ದ. ಮೊದ್ಲು ನಿನ್ನೇ ಕೇಳ್ದ. ಅವ್ವ ಹೊತ್ತೊತ್ತಿಗೆ ಉಣ್ತಾಳಾ ಅಂತ."

"ಅವ್ನು ಹಂಗೇಯ," ಎಂದಳು ಜ್ಞಾನಮ್ಮ. "ಚಿಕ್ಕೋನಿಂದ್ಲೂ ಹಂಗೇಯ." ಅವನ ಕೈ ಬಿಟ್ಟು ಗೋಡೆಯ ಕಡೆ ಹೊರಳಿ ಮಲಗಿದಳು. ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಲೂರ್ದು ಆಟೋದವರೆಗೂ ಅವನ ಹಿಂದೆ ಬಂದಳು.

"ಕೇಳ್ನಿಲ್ಲ, ಅಲ್ವಾ?"

"ಇಲ್ಲ."

"ನಮ್ಮಿಬ್ರಿಗೆ ಆಗ್ಲಿ ಅಂತ ಒಂದು ಸುಳ್ಳು ಹೇಳಾಕ್ಕಾಗ್ನಿಲ್ಲ ನಿಮ್ಗೆ. ಅತ್ತೆಗೆ ಹೇಳಿದ್ರಿ."

ಅವನು ತಲೆ ತಗ್ಗಿಸಿದ. ಅವಳು ಆ ಬೆಳ್ಳಗಿನ ಸುಕ್ಕುಬೆರಳುಗಳನ್ನು ಅವನ ಮುಂಗೈ ಮೇಲಿಟ್ಟಳು. ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ.

"ಬೇರೆಯೋನಾಗಿದ್ರೆ ನಂಗೆ ಇಷ್ಟು ಸಂಕಟ ಆಗ್ತಿರ್ಲಿಲ್ಲ. ನಿಮ್ಮನ್ನ ಬುಟ್ಟು ಇನ್ಯಾರ್ನೂ ನಾನು ಇಷ್ಟು ಆಸೆಪಟ್ಟಿಲ್ಲ." ಕೈ ತೆಗೆದಳು. "ಶನಿವಾರ ಪಾಪನಿವೇದನೇಲಿ ಈ ಸುಳ್ಳು ಹೇಳ್ಬೇಕಾಯ್ತದೆ. ಸ್ವಾಮಿಗಳು ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಕೊಟ್ರೂ ಅರ್ಧ ನಂಗೆ ಬುಡಿ."

ಶನಿವಾರ ಇಬ್ಬರೂ ಹೋಗಿ ಎಲ್ಲವನ್ನೂ ಹೇಳಿದರು. ಸ್ವಾಮಿಗಳು ಬಹಳ ಹೊತ್ತು ಕನ್ನಡಕ ಒರೆಸಿದರು. ಬಿಷಪ್ಪರಿಗೆ ಬರೆಯುತ್ತೇನೆ, ಆದರೆ ಬಿಟ್ಟುಹೋದ ಅನ್ನುವುದೊಂದೇ ಕಾರಣಕ್ಕೆ ಮದುವೆ ಮುರಿಯುವುದಿಲ್ಲ, ಅವನು ಬದುಕಿರುವ ತನಕ ಇವಳು ಅವನ ಹೆಂಡತಿಯೇ ಎಂದರು. ಆಮೇಲೆ ಇನ್ನಾಸಪ್ಪನ ಪಾಪನಿವೇದನೆ ಕೇಳಿ, ಮುದುಕಿಗೆ ಹೇಳಿದ ಸುಳ್ಳಿಗೆ ಪ್ರಾಯಶ್ಚಿತ್ತವಾಗಿ ಐದು ಪರಲೋಕ ಮಂತ್ರದ ಜಪ ಕೊಟ್ಟರು.

ಮೂರನೇ ಭಾನುವಾರ ಪ್ರಕಟಣೆಯ ಹೊತ್ತಿಗೆ ಬೇರೊಂದು ಜೋಡಿಯ ಹೆಸರು ಮಾತ್ರ ಬಂತು. ಜನ ತಿರುಗಿ ತಿರುಗಿ ನೋಡಿದರು, ಪಿಸುಗುಟ್ಟಿದರು. ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಗಂಡಸರ ಸಾಲಿನಲ್ಲಿ ಇನ್ನಾಸಪ್ಪ ಮಂಡಿಯೂರಿಯೇ ಇದ್ದ, ಹೆಂಗಸರ ಸಾಲಿನಲ್ಲಿ ಲೂರ್ದು. ಅವನು ಅವಳಿಗೆ ಕೇಳುವಂತೆ ಒಂದು ಪರಲೋಕ ಮಂತ್ರ ಮುಗಿಸಿದ, ಎರಡು ಮುಗಿಸಿದ. ಮೂರನೆಯದರ ಅರ್ಧಕ್ಕೆ ನಿಲ್ಲಿಸಿ ಆಚೆಗೆ ನೋಡಿದ. ಅವಳು ಅವನತ್ತ ನೋಡಲಿಲ್ಲ. ಅವನು ಬಿಟ್ಟ ಮಾತಿನಿಂದಲೇ ಎತ್ತಿಕೊಂಡು, ಗಟ್ಟಿಯಾಗಿ ಮುಂದಕ್ಕೆ ಹೇಳತೊಡಗಿದಳು.