ಹನ್ನೆರಡನೆಯ ಜೋಡಿ

ಬೂಟು ಕೆಸರಿಗೆ ತಾಗಿದ ಕೂಡಲೇ ಇಂಚರಳ ಮುಂಗೈಗೆ ಕಟ್ಟಿದ್ದ ಪರದೆಯ ಮೇಲೆ ಅಕ್ಷರ ಮೂಡಿತು: ಕೆಸರು ಒಂದು ಗೇಣು, ಕೆಳಗೆ ಗಟ್ಟಿ ನೆಲ, ನಡೆಯಬಹುದು. ಅವಳು ನಡೆದಳು. ಅದು 2061ರ ಆಷಾಢ. ಹೆಬ್ಬಲಸು ಗುಡ್ಡದ ಹದಿನಾಲ್ಕು ಕಿಲೋಮೀಟರ್ ಸುತ್ತುದಾರಿಗೆ ಐದು ಹಳ್ಳಗಳು ಅಡ್ಡ ಬರುತ್ತವೆ. ನಾಲ್ಕನ್ನು ದಾಟಿಯಾಗಿತ್ತು.

ಈ ಬೂಟು ವಿಜ್ಞಾನಿ ಇಂಚರಳದೇ ಕೂಸು. ಅಟ್ಟೆಯೊಳಗಿನ ತೆಳುಹಾಳೆ ಪ್ರತಿ ಹೆಜ್ಜೆಯ ಒತ್ತಡ, ಜಾರು, ನೀರಿನ ಸೆಳೆತ ಅಳೆದು ದಾರಿಬದಿಯ ಕಂಬಗಳಿಗೆ ಕಳಿಸುತ್ತದೆ. ಹಿಂದೆ ಬರುವವರಿಗೆ ಮುಂದೆ ಹೋದವರ ಕಾಲೇ ವರದಿಗಾರ. ಎರಡು ವರ್ಷದಲ್ಲಿ, ಮಳೆಗಾಲಕ್ಕೆ ಮುಚ್ಚುತ್ತಿದ್ದ ದಾರಿಗಳೆಲ್ಲ ತೆರೆದುಕೊಂಡಿದ್ದವು. ದಾರಿ ತೋರಿಸುತ್ತಿದ್ದವರು ಈಗ ಬೂಟು ಬಾಡಿಗೆಗೆ ಕೊಡುತ್ತಿದ್ದರು.

ಇಷ್ಟೆಲ್ಲ ತಿಳಿದ ಬೂಟು ಇಂಚರಳ ಅಕ್ಕನ ಮಂಡಿಯನ್ನು ಮಾತ್ರ ಉಳಿಸಿರಲಿಲ್ಲ. ಮೂರನೆಯ ಹಳ್ಳದಲ್ಲಿ ಕಲ್ಲು ಉರುಳಿ ಸಿಂಚನ ಬಿದ್ದಿದ್ದಳು. ಒಂದು ತೋಳು ತಂಗಿಯ ಹೆಗಲಿಗೆ, ಇನ್ನೊಂದು ಅರಣ್ಯ ಇಲಾಖೆಯ ವಾಚರ್ ಸವಿತಕ್ಕನ ಹೆಗಲಿಗೆ ಹಾಕಿ ಕುಂಟುತ್ತಿದ್ದಳು.

"ಊರಿಗೆಲ್ಲ ದಾರಿ ಹೇಳ್ತೀಯ, ಅಕ್ಕನ್ನ ಬೀಳಿಸ್ತೀಯ," ಎಂದಳು ಹಲ್ಲು ಕಚ್ಚಿಕೊಂಡೇ. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ಐದನೆಯ ಹಳ್ಳ ಬಂತು. ಆಚೆ ದಡದಲ್ಲಿ ಅವರ ಜೀಪು ಕಾಣುತ್ತಿತ್ತು. ಪರದೆ ಹಸಿರಾಗಿತ್ತು: ಇಂದು ದಾಟಿದವರು ಹನ್ನೊಂದು, ನೀರು ಮೊಣಕಾಲಿನವರೆಗೆ. ಇಲ್ಲಿ ಮಳೆ ಬಿಟ್ಟಿತ್ತು. ಗುಡ್ಡದ ತಲೆಯಲ್ಲಿ ಮಾತ್ರ ಮೋಡ ಕಪ್ಪಾಗಿ ಕುಳಿತಿತ್ತು. ನೀರು ಕೆಂಪಗಿದ್ದು ತಳ ಕಾಣುತ್ತಿರಲಿಲ್ಲ.

ಸವಿತಕ್ಕ ನಿಂತುಬಿಟ್ಟರು. ದಾರಿಗೆ ಅಡ್ಡವಾಗಿ ಒಂದು ಅತ್ತಿಯ ಕೊಂಬೆ, ಅದರ ಮೇಲೆ ಎರಡು ಕಲ್ಲು.

"ಸೊಪ್ಪು ಹಾಕವ್ರೆ ಮೇಡಂ. ಇಳೀಬೇಡಿ."

ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಹಿಂದಿನವರ ಎಚ್ಚರಿಕೆಗೆ ಸೊಪ್ಪು ಹಾಕುವುದು ಇಂಚರಳಿಗೂ ಗೊತ್ತು. ಆದರೆ ಸೊಪ್ಪಿನ ಮೇಲೆ ತಾರೀಖು ಬರೆದಿರುವುದಿಲ್ಲವಲ್ಲ.

"ನಿನ್ನೇದಿರಬಹುದು ಸವಿತಕ್ಕ. ಬೆಳಗ್ಗೆಯಿಂದ ಹನ್ನೊಂದು ಜನ ದಾಟಿದ್ದಾರೆ."

ಸವಿತಕ್ಕ ಕೊಂಬೆಯನ್ನು ತಿರುಗಿಸಿ ತೋರಿಸಿದರು. ಮುರಿದ ತುದಿಯಲ್ಲಿ ಹಾಲು ಇನ್ನೂ ಒಸರುತ್ತಿತ್ತು. "ಈಗ್ಲೇ ಮುರಿದಿರೋದು. ಯಾರೋ ಇಲ್ಲಿಗಂಟ ಬಂದು, ಆಗಲ್ಲ ಅಂತ ಮೇಲಿನ ಗಸ್ತು ದಾರಿ ಹಿಡಿದವ್ರೆ. ದಾಟಿದವ್ರ ಲೆಕ್ಕ ಹೇಳಿದ್ರಿ. ತಿರುಗಿ ಹೋದವ್ರು ಎಷ್ಟು ಜನ?"

ಇಂಚರ ಪರದೆ ನೋಡಿದಳು. ಅದರಲ್ಲಿ ಆ ಲೆಕ್ಕವಿರಲಿಲ್ಲ.

"ಗಸ್ತು ದಾರೀಲಿ ಚೆಕ್‌ಪೋಸ್ಟಿಗೆ ಆರು ಕಿಲೋಮೀಟರ್ ಕಣೇ," ಎಂದಳು ಸಿಂಚನ. "ನನ್ನ ಕೈಲಾಗಲ್ಲ. ದಾಟಿಬಿಡೋಣ." ಅವಳು ಅಳುತ್ತಿದ್ದಳು. ಅಕ್ಕ ಅತ್ತದ್ದನ್ನು ಇಂಚರ ಕಂಡದ್ದೇ ಕಡಿಮೆ.

ಇಂಚರ ಪರದೆಯಲ್ಲಿ ಯಂತ್ರದ ಕಸದ ಬುಟ್ಟಿ ತೆರೆದಳು. ಆಚೆ ದಡ ಮುಟ್ಟದ ಹೆಜ್ಜೆಗಳನ್ನು ಯಂತ್ರ 'ಅಪೂರ್ಣ' ಎಂದು ಬದಿಗೆ ಹಾಕುತ್ತದೆ. ಅರೆಬರೆ ಮಾಹಿತಿ ಸೇರಿದರೆ ವರದಿ ಕೆಡುತ್ತದೆಂದು ಆ ನಿಯಮ ಬರೆದವಳು ಅವಳೇ.

ಬುಟ್ಟಿಯಲ್ಲಿ ಎಂಟು ಜೋಡಿ ಬೂಟುಗಳ ಹೆಜ್ಜೆಗಳಿದ್ದವು. ಏಳು ಜೋಡಿ ದಡಕ್ಕೆ ಬಂದು, ನಿಂತು, ಗಸ್ತು ದಾರಿಗೆ ತಿರುಗಿದ್ದವು. ಎಲ್ಲವೂ ಕಳೆದ ಮುಕ್ಕಾಲು ಗಂಟೆಯಲ್ಲಿ. ಅವಕ್ಕಿಂತ ಮೊದಲು, ಸುಮಾರು ಒಂದು ಗಂಟೆ ಹಿಂದೆ, ಹನ್ನೆರಡೂ ಇಪ್ಪತ್ತಕ್ಕೆ ಬಂದ ಒಂದು ಜೋಡಿ ತಿರುಗಿರಲಿಲ್ಲ. ನೀರಿನೊಳಗೆ ಒಂಬತ್ತು ಹೆಜ್ಜೆ ಹೋಗಿತ್ತು. ಒಂಬತ್ತನೆಯದರಲ್ಲಿ ನೆಲದ ಒತ್ತಡ ಸೊನ್ನೆ, ಸೆಳೆತ ಮಾತ್ರ. ಆಮೇಲೆ ಏನೂ ಇರಲಿಲ್ಲ.

"ಸವಿತಕ್ಕ, ಒಬ್ಬರು ನೀರಲ್ಲಿ ಕೊಚ್ಚಿಹೋಗಿದ್ದಾರೆ," ಎಂದಳು. "ಯಾರಿಗೂ ಗೊತ್ತಿಲ್ಲ."

ಸವಿತಕ್ಕ ವೈರ್‌ಲೆಸ್ ಎತ್ತಿಕೊಂಡರು. ಇಂಚರ ಹೊತ್ತು, ದಿಕ್ಕು, ಸೆಳೆತದ ವೇಗ ಓದಿ ಹೇಳಿದಳು, ಅವರು ಅದನ್ನೇ ಕೂಗಿ ಹೇಳಿದರು. ದಾಟುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಸಿಂಚನ ಕಣ್ಣೊರೆಸಿಕೊಂಡು ತಂಗಿಯ ಕುತ್ತಿಗೆಗೆ ಕೈ ಹಾಕಿ "ನಡಿ" ಎಂದಳು.

ಅವರು ಚೆಕ್‌ಪೋಸ್ಟ್ ಮುಟ್ಟುವಾಗ ಸಂಜೆಯಾಗಿತ್ತು. ಹಳ್ಳದಲ್ಲಿ ಇನ್ನೂರು ಮೀಟರ್ ಕೆಳಗೆ ಬಿದಿರುಮೆಳೆಗೆ ಸಿಕ್ಕಿಕೊಂಡಿದ್ದವನನ್ನು ಇಲಾಖೆಯವರು ಎಳೆದು ತಂದು ಜಗುಲಿಯ ಮೇಲೆ ಮಲಗಿಸಿದ್ದರು. ಹೆಸರು ಚಿರಂತನ, ಪ್ರೌಢಶಾಲೆಯ ಮೇಷ್ಟ್ರು. ಹೆಗಲಿನ ಮೂಳೆ ಮುರಿದಿತ್ತು, ಜೀವ ಉಳಿದಿತ್ತು. ಬೂಟು ಮಾಡಿದವಳು ಇವಳೇ ಎಂದು ಯಾರೋ ಹೇಳಿದಾಗ ಅವನು ತಲೆಯೆತ್ತಿ ನೋಡಿದ.

"ಹಸಿರು ಇತ್ತಲ್ಲ, ಮೇಡಂ?"

ಅವನ ದನಿಯಲ್ಲಿ ದೂರು ಇರಲಿಲ್ಲ. ಅರ್ಥವಾಗದೆ ಕೇಳಿದ್ದ, ಅಷ್ಟೆ. ಇಂಚರಳಿಗೆ ಭೂಮಿ ಬಾಯಿಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು.

ಆ ತಿಂಗಳೇ ಅವಳು ನಿಯಮ ಬದಲಿಸಿದಳು. ಈಗ ಹಳ್ಳದ ಮುಂದೆ ಪರದೆಯಲ್ಲಿ ಮೊದಲು ಬರುವುದು ಹಿಂತಿರುಗಿದವರ ಸಂಖ್ಯೆ. ಹಸಿರು ಅಪರೂಪವಾಯಿತೆಂದು ಬೂಟು ಬಾಡಿಗೆಗೆ ಕೊಡುವವರು ಗೊಣಗಿದರು. ಸವಿತಕ್ಕ ಸೊಪ್ಪು ಹಾಕುವುದನ್ನಂತೂ ಬಿಡಲಿಲ್ಲ.

ಅಂಥ ಬೂಟು ನಮಗಿನ್ನೂ ಬಂದಿಲ್ಲ. ಸದ್ಯಕ್ಕೆ ಕೈಯಲ್ಲಿ ಫೋನಿದೆ. ಗುಡ್ಡ ಹತ್ತುವ ಮುನ್ನ ಅದರಲ್ಲಿ, ಹೋಗಿಬಂದವರು ಹಳ್ಳದ ಆಚೆ ನಿಂತು ನಗುತ್ತಿರುವ ಚಿತ್ರಗಳನ್ನು ನೋಡಿ ಹೊರಡುತ್ತೇವೆ. ಈಚೆ ದಡದಿಂದಲೇ ತಿರುಗಿ ಬಂದವರು ಚಿತ್ರ ಹಾಕಿರುವುದಿಲ್ಲ.