ಏನೂ ಆಗದ ವರ್ಷ

"ಕಾಡಲ್ಲಿ ಮಂಗ ಏನಾರ ಸತ್ತು ಬಿದ್ದಿದ್ದು ಕಂಡ್ಯಾ? ನನ್ ಮುಖ ನೋಡಿ ಹೇಳು..."

ಮಂಗಳ ಮತ್ತೆ ಮತ್ತೆ ಕೇಳಿದಳು. ಮೈ ಕೆಂಡವಾಗಿ ಚಾಪೆಯ ಮೇಲೆ ಮಲಗಿದ್ದ ಗಂಡ ಮಹದೇವ ಗೋಡೆಯ ಕಡೆ ಹೊರಳಿದನೇ ಹೊರತು ಬಾಯಿ ಬಿಡಲಿಲ್ಲ. ಕಣ್ಣು ಕೆಂಪಾಗಿದ್ದವು. ತಲೆ ಸಿಡಿಯುತ್ತದೆ ಎಂದು ಬೆಳಗಿನಿಂದ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಸಿಕೊಂಡಿದ್ದ. ಒಲೆಯ ಮುಂದೆ ಗಂಜಿ ತಿರುವುತ್ತಿದ್ದ ಅತ್ತೆ ಜವರಮ್ಮ ಸೌಟನ್ನು ನೆಲಕ್ಕೆ ಕುಕ್ಕಿದಳು.

"ಜೇನು ಕೀಳಕ್ಕೆ ಓದೋನ್ಗೆ ಬಿಸ್ಲು ಬಡ್ದು ಜ್ವರ ಬಂದದೆ. ಅದ್ಕೂ ಮಂಗನ್ನೇ ಎಳ್ಕಂಡು ಬತ್ತೀಯಲ್ಲ, ಓದ್ ವರ್ಸ ಈ ಮನೆ ಹಾಳ್ಮಾಡಿದ್ದು ಸಾಲ್ದಾ? ಮನೆಗೆ ಮಾರಿ, ಪರರ್ಗೆ ಉಪಕಾರಿ ಅಂತ ನಿನ್ನಂತೋಳ್ನ ನೋಡೇ ಅಂದಿರ್ಬೇಕು."

ಮಂಗಳ ಗಂಡನ ಹಣೆಯ ಬಟ್ಟೆ ಬಿಚ್ಚಿ, ಒದ್ದೆ ಮಾಡಿ ಮತ್ತೆ ಕಟ್ಟಿದಳು. ಯಳಂದೂರಿನಿಂದ ಬೆಟ್ಟ ಹತ್ತುವ ದಾರಿ ಬಿಟ್ಟು ಒಳಗೆ ಸರಿದಿರುವ ಅರಳೀಕಲ್ಲು ಪೋಡಿಗೆ, ಕಾಡಂಚಿನ ಆ ಪುಟ್ಟ ಹಾಡಿಗೆ, ಅವಳೇ ಆಶಾ ಕಾರ್ಯಕರ್ತೆ. ಹೋದ ವರ್ಷ ಬಿಸಿಲು ಏರುವ ಹೊತ್ತಿಗೆ ಹಳ್ಳದ ಬಳಿ ಸತ್ತ ಮಂಗವನ್ನು ಕಂಡವಳೂ ಅವಳೇ, ಆರೋಗ್ಯ ಇಲಾಖೆಗೆ ಫೋನ್ ಮಾಡಿ ತಿಳಿಸಿದವಳೂ ಅವಳೇ. ಮಂಗನ ಕಾಯಿಲೆಯ ಭಯ. ಸತ್ತ ಮಂಗದ ಮೈಯಿಂದ ಉದುರುವ ಉಣ್ಣೆ ಹುಳ ಕಚ್ಚಿದರೆ ಮನುಷ್ಯರಿಗೂ ಆ ಜ್ವರ ತಗಲುತ್ತದೆ. ಜೀಪು ಬಂತು, ಹುಳ ಸಾಯುವ ಪುಡಿ ಎರಚಿದರು, ಹುಳ ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಿದರು. ಕಾಡಿಗೆ ಯಾರೂ ಕಾಲಿಡಬಾರದೆಂದರು. ಕಾಲಿಡದೆ ಏನು ಉಣ್ಣಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಜೇನಿನ ಕಾಲ ಪೂರ್ತಿ ಹಾಗೇ ಕಳೆದುಹೋಯಿತು. ಆ ದುಡ್ಡನ್ನೇ ನಂಬಿ ಗೊತ್ತು ಮಾಡಿದ್ದ ನಾದಿನಿ ದೀಪಳ ಮದುವೆ ನಿಂತಿತು. ಗಂಡಿನವರು ಕಾಯಲಿಲ್ಲ. ಈ ವರ್ಷ ಬೇರೊಂದು ಕಡೆ ಗೊತ್ತಾಗಿತ್ತು.

ಪೋಡಿನಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಬಂದಿದ್ದರೆ ಮಂಗಳ ದೇವತೆಯಾಗುತ್ತಿದ್ದಳೇನೋ, ಬಾರದೆ ಹೋದದ್ದಕ್ಕೆ ಮಾರಿಯಾದಳು. ಬಂದ ರೋಗದ ಖರ್ಚನ್ನು ಎಲ್ಲರೂ ಎಣಿಸುತ್ತಾರೆ, ಬಾರದೆ ಹೋದ ರೋಗದ ಲಾಭವನ್ನು ಯಾವ ಪುಣ್ಯಾತ್ಮ ಎಣಿಸುತ್ತಾನೆ? ಏನೂ ಆಗ್ಲಿಲ್ವಲ್ಲ, ಸುಮ್ಕೆ ಕಾಡು ಮುಚ್ಚಿಸ್ದಳು ಎಂದು ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಸರಿಸಿಕೊಂಡು ದೂರ ನಿಲ್ಲುತ್ತಿದ್ದರು. ಜವರಮ್ಮ ಉಳಿದಿದ್ದ ಎಣ್ಣೆ ಬಾಟಲಿಗಳನ್ನೆಲ್ಲ ಅಂಗಳಕ್ಕೆ ಎಸೆದಿದ್ದಳು. ಈ ವರ್ಷ ಮಂಗಳ ಎಣ್ಣೆ ಕೇಳಿದಾಗ ಮೇಲಿನವರದೂ ಅದೇ ರಾಗ. "ಹೋದ ವರ್ಷ ಒಂದೂ ಕೇಸ್ ಇಲ್ವಲ್ಲಮ್ಮ, ಯಾವ ಲೆಕ್ಕದಲ್ಲಿ ತರಿಸೋಣ?" ಎಂದಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಮಂಗಳಳ ಅಣ್ಣ ಚಿಕ್ಕಮಾದ ಬಂದಿದ್ದ. ಆ ಪೋಡಿನಲ್ಲಿ ಜೇನಿಗಾಗಿ ಬಂಡೆಯಿಂದ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳ ತಾಳಿ ನೆನಪಿರುವಾಗ ಯಾವನ ಕೈಯೂ ಸಡಿಲವಾಗದು ಎಂದು ಹಿರಿಯರ ನಂಬಿಕೆ. ಮಹದೇವನ ಹಗ್ಗ ಯಾವಾಗಲೂ ಚಿಕ್ಕಮಾದನ ಕೈಯಲ್ಲೇ. ಈಗ ಅವನು ಒಳಗೆ ಬಂದು, ಬಾವನ ಮೂಗಿನಿಂದ ರಕ್ತ ಜಿನುಗುತ್ತಿರುವುದನ್ನು ಕಂಡು, ತಂಗಿಯ ಪಕ್ಕ ಕೂತ.

"ಕಂಡ್ವಿ ಕಣಮ್ಮಿ... ಜೇನು ಬಂಡೆ ಬುಡ್ದಲ್ಲಿ ಬಿದ್ದಿತ್ತು. ನಿಂಗೆ ಏಳವಾ ಅಂದೆ. ಬಾವ ಮಾದಪ್ಪನ ಮೇಲೆ ಆಣೆ ಆಕುಸ್ಕಂಡ. ಅವ್ಳಿಗೆ ಗೊತ್ತಾದ್ರೆ ಫೋನ್ ಮಾಡ್ದೆ ಇರಾಕಿಲ್ಲ, ಮಾಡುದ್ರೆ ಪೋಡೆಲ್ಲ ಮತ್ತೆ ಅವ್ಳಿಗೇ ಉಗೀತದೆ, ನಂಗೆ ನೋಡಾಕಾಗಾಕಿಲ್ಲ ಅಂದ. ಬರಿಗೈಲೇ ಎತ್ಕಂಡೋಗಿ ಗುಂಡಿ ತೋಡಿ ಮುಚ್ಚಿ, ಊವ ಇಟ್ಟು ಕೈ ಮುಗ್ದ..."

ಮಂಗಳ ಸೆರಗಿನಿಂದ ಗಂಡನ ಮೂಗೊರೆಸಿದಳು. ಪೋಡೆಲ್ಲ ಬೈದಾಗ ಈ ಮನುಷ್ಯ ಒಂದು ಮಾತೂ ಆಡಲಿಲ್ಲ ಎಂದು ವರ್ಷವಿಡೀ ಒಳಗೊಳಗೇ ಕೊರಗಿದ್ದಳು. ಅವನು ಅದನ್ನೆಲ್ಲ ಎದೆಯಲ್ಲಿ ಇಟ್ಟುಕೊಂಡು, ಅವಳಿಗೆ ಇನ್ನೊಂದು ಬೈಗುಳ ಬೀಳಬಾರದೆಂದು, ಸಾವನ್ನೇ ಕೈಯಾರೆ ಎತ್ತಿಕೊಂಡು ಬಂದಿದ್ದ. ತಾನು ಕಲಿತ ಒಂದಿಷ್ಟು ವಿದ್ಯೆ ತನ್ನ ಗಂಡನಿಗೇ ತಲುಪಲಿಲ್ಲವಲ್ಲ... ಅವನ ಕಾಲಿನ ಬಳಿ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮಹದೇವ ಕಣ್ಣು ತೆರೆದ.

"ಯಾರ್ಗೂ ಏಳ್ಬ್ಯಾಡ ಕಣೆ... ದೀಪಂದು ಈ ಸಲನಾರ ಆಗೋಗ್ಲಿ."

ಕಣ್ಣೊರೆಸಿಕೊಂಡು ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಎರಡನೆಯ ಫೋನಿಗೆ ಕೈ ಹಾಕುವಷ್ಟರಲ್ಲಿ ಜವರಮ್ಮ ಅವಳ ಕೈ ಹಿಡಿದುಕೊಂಡಳು. ಈಗ ಆ ದನಿಯಲ್ಲಿ ಜೋರಿರಲಿಲ್ಲ.

"ಇವ್ನ ಆಸ್ಪತ್ರೆಗೆ ಕರ್ಕಂಡೋಗಮ್ಮಿ. ಮಂಗದ ಸುದ್ದಿ ಮಾತ್ರ ಎತ್ಬ್ಯಾಡ. ಇನ್ನೊಂದ್ವಾರ... ಜೇನು ಸೊಸೈಟಿಗೆ ಬಿದ್ದು ದುಡ್ಡು ಬರಗಂಟ. ಇನ್ನೊಂದ್ಸಲ ಮದ್ವೆ ನಿಂತೋದ್ರೆ ನನ್ ಮಗೀನ ಯಾರು ಕಟ್ಕತಾರೆ? ನಿನ್ ಕಾಲ್ ಇಡ್ಕತೀನಿ."

ಕಂಬಕ್ಕೆ ಒರಗಿ ನಿಂತಿದ್ದ ದೀಪ ತಲೆ ತಗ್ಗಿಸಿದಳು. ಮಂಗಳ ಅವಳನ್ನು ನೋಡಿದಳು, ಗಂಡನನ್ನು ನೋಡಿದಳು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಅತ್ತೆ, ಈಗ ಆ ಬಂಡೆ ಬುಡ್ದಲ್ಲೇ ಪಕ್ಕದ್ಮನೆ ಮುತ್ತಯ್ಯನ ಮಕ್ಳು ಜೇನ್ಗೆ ಅಂತ ಬೀಡು ಬಿಟ್ಟವ್ರೆ" ಎಂದು ಕೈ ಬಿಡಿಸಿಕೊಂಡಳು. ಫೋನ್ ಮಾಡಿ ಬಂಡೆಯ ಗುರುತನ್ನು ಒಂದೊಂದಾಗಿ ಹೇಳಿದಳು. ಸಂಜೆಯೊಳಗೆ ಗಾರ್ಡುಗಳು ಹೋಗಿ ಮುತ್ತಯ್ಯನ ಮಕ್ಕಳನ್ನು ಅಲ್ಲಿಂದ ಎಬ್ಬಿಸಿ ಕರೆತಂದರು.

ಕೊಳ್ಳೇಗಾಲದ ಆಸ್ಪತ್ರೆಯವರು ನೋಡಿ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನಲ್ಲಿ ಮಹದೇವನಿಗೆ ಮತ್ತೆ ಮಾತು ಬರಲೇ ಇಲ್ಲ. ಈ ಕಾಯಿಲೆಗೆ ಇಂಥದೇ ಎಂದು ಔಷಧಿಯಿಲ್ಲ, ಹೆಚ್ಚಿನವರು ಉಳಿದುಕೊಳ್ಳುತ್ತಾರೆ ಎಂದು ಡಾಕ್ಟರು ಧೈರ್ಯ ಹೇಳಿದ್ದರು. ಉಳಿಯದವರಲ್ಲಿ ಅವನೊಬ್ಬನಾದ. ಮಂಗನ ಕಾಯಿಲೆಯೇ ಹೌದೆಂಬ ವರದಿ ಮಣ್ಣು ಮಾಡಿದ ಮೇಲೆ ಬಂತು. ಅದರ ಹಿಂದೆಯೇ ಜೀಪು, ಪುಡಿ, ಸಾಹೇಬರು, ಮತ್ತು ಡಬ್ಬಗಟ್ಟಲೆ ಎಣ್ಣೆ. ಕೇಳಿದಾಗ ಇಲ್ಲದ ದುಡ್ಡು ಒಂದು ಹೆಣ ಬಿದ್ದ ಕೂಡಲೇ ಎಲ್ಲಿಂದ ಹುಟ್ಟಿತೋ... ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾಡು ಮುಚ್ಚಿತು. ದೀಪಳ ಗಂಡಿನವರು ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳುಹಿಸಿದರು.

ತಿಥಿಯ ದಿನ ಜನ ಉಂಡು ಚಪ್ಪರದಡಿ ಕೂತಿದ್ದರು. ಮುತ್ತಯ್ಯ ಎಲೆಯಡಿಕೆ ಹಾಕಿಕೊಳ್ಳುತ್ತ ಯಾರಿಗೆಂದು ಹೇಳದೆ ಗೊಣಗಿದ.

"ಮಾದೇವನ ಋಣ ತೀರ್ತು, ಓದ. ಬ್ಯಾರೆ ಯಾರ್ಗೂ ಏನೂ ಆಗ್ಲಿಲ್ವಲ್ಲ. ಅದ್ಯಾಕ್ ಕಾಡು ಮುಚ್ಚುಸ್ಬೇಕಿತ್ತೋ."

ಎಲ್ಲರೂ ಜವರಮ್ಮನ ಕಡೆ ನೋಡಿದರು. ಸೊಸೆಯನ್ನು ಬೈಯಲು ಅವಳಿಗಿಂತ ಹಕ್ಕುಳ್ಳವರು ಯಾರು? ಮಂಗಳ ತಲೆ ತಗ್ಗಿಸಿ ಕಾದಳು. ಜವರಮ್ಮ ಮುತ್ತಯ್ಯನ ಕಡೆ ತಿರುಗಿ ಕೇಳಿದಳು.

"ನಿನ್ ಮಕ್ಳು ಉಂಡ್ರಾ ಮುತ್ತಯ್ಯ?"

"ಊಂ, ಉಂಡ್ರು. ಅಕೋ, ಅಲ್ ಕೂತವ್ರೆ."

"ಅದ್ಕೇ ಕಣಪ್ಪ" ಎಂದಳು ಜವರಮ್ಮ.

ಮುತ್ತಯ್ಯ ಎಲೆಯಡಿಕೆ ಉಗಿಯಲು ಎದ್ದುಹೋದ. ಚಿಕ್ಕಮಾದ ಮಾತ್ರ ಚಪ್ಪರದ ಆಚೆ, ಬಿಸಿಲಿನಲ್ಲೇ, ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತಿದ್ದ. ಅವನನ್ನು ಒಳಗೆ ಕರೆಯುವ ಶಕ್ತಿ ಮಂಗಳಳಿಗೆ ಆ ದಿನ ಇರಲಿಲ್ಲ.

ಮರುದಿನ ಅವಳು ಮನೆಮನೆಗೂ ಎಣ್ಣೆ ಹಂಚಿದಳು. ಅಣ್ಣನ ಮನೆಗೂ ಹೋಗಿ, ಅವನ ಕೈಗೇ ಬಾಟಲಿ ಕೊಟ್ಟು ಬಂದಳು. ಕಾಡಿಗೆ ಹೋಗುವವರ ಹೆಸರುಗಳನ್ನು ಹೋದ ವರ್ಷ ಅವಳೇ ಬರೆಸಿದ್ದಳು, ಈ ಸಲವೂ ಆ ಲೆಕ್ಕಕ್ಕೇ, ತಲೆಗೊಂದರಂತೆ ಬಾಟಲಿ ಬಂದಿದ್ದವು. ಎಲ್ಲ ಮನೆ ಮುಗಿದರೂ ಡಬ್ಬದ ತಳದಲ್ಲಿ ಒಂದು ಉಳಿದಿತ್ತು. ಯಾರನ್ನು ಬಿಟ್ಟೆ ಎಂದು ಅವಳು ಮತ್ತೆ ಮನಸ್ಸಿನಲ್ಲೇ ಹೆಸರು ಕೂಗಿಕೊಂಡಳು. ಆಮೇಲೆ ಅದು ಯಾರದೆಂದು ಗೊತ್ತಾಗಿ, ಬಾಟಲಿ ಹಿಡಿದುಕೊಂಡು ಜಗುಲಿಯ ಮೇಲೆ ಹಾಗೇ ಕೂತುಬಿಟ್ಟಳು.

ಜವರಮ್ಮ ಒಳಗಿನಿಂದ ಬಂದು ಎದುರಿಗೆ ಕೂತಳು. ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು, ಸೊಸೆಯ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾಳೀಕೆ ಜ್ವರ ನೋಡಕ್ಕೆ ಕಾಡ್ದಾರೀಲಿ ಆಚೆ ಪೋಡ್ಗೆ ಓಗ್ಬೇಕಲ್ಲ ನೀನು..."

ಹಿಮ್ಮಡಿಯಿಂದ ಮೊಣಕಾಲಿನವರೆಗೂ ಮೆಲ್ಲಗೆ, ಒಂದು ಕಡೆಯೂ ಬಿಡದೆ ಹಚ್ಚತೊಡಗಿದಳು. ಎಣ್ಣೆಯ ಜೊತೆಗೆ ಕಣ್ಣೀರೂ ಬೀಳುತ್ತಿತ್ತು. ಮಂಗಳ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.